ಮುಖ ಕೊಟ್ಟು ಎಳೆಯುವ ಬಿಲ್ಲು

ಬಿಲ್ಲುಬಡಗಿ ಮತ್ತೆ ಏಣಿ ಹತ್ತಿದ್ದ. ಅಡುಗೆಮನೆಯಲ್ಲಿ, ಒಲೆಯ ನೇರಕ್ಕೆ, ಅವನ ಅಜ್ಜ ಕಟ್ಟಿಸಿದ್ದ ಅಟ್ಟ. ಅದರ ಮೇಲೆ ಆಳುದ್ದದ ಮರದ ಸೀಳುಗಳು ಹೊಗೆ ಕುಡಿದು ಕಪ್ಪಾಗಿ ಸಾಲಾಗಿ ಮಲಗಿದ್ದವು. ಅವನು ಒಂದೊಂದನ್ನೇ ಎಳೆದು, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದು, ನಾಡಿ ಸಿಗದ ವೈದ್ಯನ ಹಾಗೆ ಮುಖ ಮಾಡಿ ವಾಪಸ್ಸು ಇಡುತ್ತಿದ್ದ.

"ನನ್ನನ್ನ ಒಪ್ಪೋವಾಗ ಇಷ್ಟು ತಟ್ಟಿ ನೋಡಿರ್ಲಿಲ್ಲ ನೀವು," ಎಂದಳು ಕೆಳಗೆ ಒಲೆ ಊದುತ್ತಿದ್ದ ಹೆಂಡತಿ.

"ಆಗ ನನಗೆ ತಿಳುವಳಿಕೆ ಇರಲಿಲ್ಲ."

"ಈಗ ಬಂತೇನೋ."

ಬಂದಿರಲಿಲ್ಲ. ಇದ್ದದ್ದೂ ಹೋಗಿತ್ತು. ಮರ ಆರಿಸುವುದರಲ್ಲಿ ಅವನಿಗಿದ್ದ ಹೆಸರು ಸಣ್ಣದಲ್ಲ. ನಿಂತ ಮರದ ಸುತ್ತ ಒಂದು ಸುತ್ತು ಬಂದರೆ ಸಾಕು, ಅದರ ಒಳಗುಟ್ಟು ಹೇಳುತ್ತಿದ್ದ. ತೊಗಟೆಯ ಗೆರೆ ತಿರುಚಿಕೊಂಡಿದ್ದರೆ ಒಳಗಿನ ನಾರೂ ತಿರುಚಿರುತ್ತದೆ, ಅಂಥದ್ದು ಬೇಡ. ವಾಲಿಕೊಂಡು ಬೆಳೆದ ಮರ ಒಂದು ಮಗ್ಗುಲಲ್ಲಿ ಸದಾ ಮುನಿಸಿಕೊಂಡಿರುತ್ತದೆ, ಅದೂ ಬೇಡ. ಹಿಪ್ಪುನೇರಳೆ ಅವನ ಮೆಚ್ಚಿನದು. ಹೊರಗೆ ಬೆಳ್ಳಗೆ, ಒಳಗೆ ಜೇನಿನ ಬಣ್ಣ. ಎಳೆದರೆ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಬಿಲ್ಲಿಗೆ ಬೇಕಾದದ್ದು ಇಷ್ಟೇ, ಸಂಸಾರಕ್ಕೂ ಇಷ್ಟೇ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ, ಹೆಂಡತಿ ಅಕ್ಕಪಕ್ಕ ಇಲ್ಲದಾಗ.

ಆಮೇಲೆ ಮಗಳ ಬಿಲ್ಲು ಮುರಿಯಿತು.

ಅದು ಅಟ್ಟದ ಮೇಲಿನ ಅತ್ಯಂತ ಹಳೆಯ ಸೀಳಿನಿಂದ ಮಾಡಿದ್ದು. ಅಜ್ಜನೇ ಕಡಿದು ಸೀಳಿ ಏರಿಸಿದ್ದು. ಅಪ್ಪ ಅದನ್ನು ಮುಟ್ಟಿರಲಿಲ್ಲ, ಇವನೂ ಮುಟ್ಟಿರಲಿಲ್ಲ. ಹಳೆಯದಾದಷ್ಟೂ ಒಣಗುತ್ತದೆ, ಒಣಗಿದಷ್ಟೂ ಚುರುಕಾಗುತ್ತದೆ ಎಂದು ಮೂರು ತಲೆಮಾರು ನಂಬಿ ಕಾಯ್ದಿರಿಸಿದ ಮರ. ಒಂದೇ ಮರದ ಸೀಳಿನಿಂದ ಮಾಡಿದ ಬಿಲ್ಲಿನಲ್ಲಿ ಹೊಡೆಯುವವರ ತಂಡಕ್ಕೆ ಮಗಳು ಸೇರಿದಾಗ ಅದನ್ನು ಇಳಿಸಿ ಅವಳಿಗೆ ಮಾಡಿಕೊಟ್ಟ. ಅಭ್ಯಾಸದ ಮೈದಾನದಲ್ಲಿ, ಹೆದೆ ಕೆನ್ನೆಗೆ ತಾಗುವ ಹೊತ್ತಿಗೆ, ಬಿಲ್ಲು ಒಮ್ಮೆಗೇ ಸಿಡಿಯಿತು. ಮೇಲಿನ ತುಂಡು ಬಂದು ಹುಬ್ಬಿಗೆ ಬಡಿಯಿತು. ಬೇಲಿಯಾಚೆ ನಿಂತು ನೋಡುತ್ತಿದ್ದ ಬಿಲ್ಲುಬಡಗಿ ಏದುಸಿರು ಬಿಡುತ್ತ ಓಡಿಬಂದು ಮಗಳನ್ನು ಕೇಳಿದ ಮೊದಲ ಮಾತು: "ಎಷ್ಟು ಎಳೆದೆ?"

ಅದು ಕಸುಬಿನವರ ಪ್ರಶ್ನೆ. ಅಳತೆಗಿಂತ ಜಾಸ್ತಿ ಎಳೆದರೆ ಎಂಥ ಬಿಲ್ಲೂ ಮುರಿಯುತ್ತದೆ. ಬಿಲ್ಲು ಮುರಿದಲ್ಲಿ ಬಿಲ್ಲುಬಡಗಿಯ ಬಾಯಿಗೆ ಬೇರೆ ಮಾತು ಬರುವುದಿಲ್ಲ. ಆದರೆ ಎದುರಿಗೆ ಕೂತು ಹುಬ್ಬಿನ ರಕ್ತ ಒರೆಸಿಕೊಳ್ಳುತ್ತಿದ್ದವಳು ಗಿರಾಕಿ ಆಗಿರಲಿಲ್ಲ.

ಗಾಯ ಮಾಗಿತು, ಕಣ್ಣು ಉಳಿಯಿತು. ಆದರೆ ಅವತ್ತಿನಿಂದ ಹೆದೆ ಕೆನ್ನೆಯ ಹತ್ತಿರ ಬಂದರೆ ಸಾಕು, ಅವಳ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಪ್ಪನ ಕೆಲಸದ ಕೋಣೆಗೂ ಅವಳು ಕಾಲಿಡಲಿಲ್ಲ. ಮೊದಲು ಅಲ್ಲಿಯೇ ಕೂತು ತಲೆ ಬಾಚಿಕೊಂಡು, ಮರದ ಹೊಟ್ಟಿನಲ್ಲೆಲ್ಲ ಕೂದಲು ಬೀಳಿಸಿ ಬೈಸಿಕೊಳ್ಳುತ್ತಿದ್ದವಳು.

ಅವನು ಏಣಿಯ ಮೇಲಿರುವಾಗಲೇ ಮಗಳು ಮೈದಾನದಿಂದ ಬಂದಳು. ಚೀಲ ಮೂಲೆಗೆ ಎಸೆದ ರೀತಿಯಲ್ಲೇ ಸುದ್ದಿ ಗೊತ್ತಾಯಿತು.

"ಏನಂದ್ರು ನಿನ್ನ ಕೋಚು?" ಎಂದಳು ಅಮ್ಮ.

"ಕಣ್ಣು ಮುಚ್ಚಿ ಬಾಣ ಬಿಡೋರನ್ನ ಸಾಲಲ್ಲಿ ನಿಲ್ಲಿಸೋಕಾಗಲ್ವಂತೆ. ಪಕ್ಕದಲ್ಲಿ ನಿಲ್ಲೋರಿಗೂ ಹೆಂಡ್ತಿ ಮಕ್ಕಳು ಇದ್ದಾರಂತೆ." ನಗುತ್ತಲೇ ಹೇಳಿದಳು. "ತಿಂಗಳ ಕೊನೆಗೆ ಆಯ್ಕೆ. ಅಷ್ಟರಲ್ಲಿ ಕಣ್ಣು ಬಿಟ್ಟರೆ ತಂಡ, ಇಲ್ಲದಿದ್ರೆ ಮನೆ."

"ನಾನು ಮಾಡಿಕೊಡ್ತೀನಿ," ಎಂದ ಬಿಲ್ಲುಬಡಗಿ ಮೇಲಿನಿಂದ. "ಮುರಿಯದೇ ಇರೋದು."

"ಕ್ಲಬ್ಬಿನ ಬಿಲ್ಲು ಎಳೆದು ನೋಡ್ದೆ ಅಪ್ಪ. ಅದಕ್ಕೂ ಮುಚ್ಕೊಳ್ತು. ಬಿಲ್ಲು ಯಾರದ್ದಾದ್ರೇನು, ಮುಖ ನಂದೇ ಅಲ್ವಾ?"

"ಈ ಸಲ ಚೆನ್ನಾಗಿ ಪರೀಕ್ಷೆ ಮಾಡಿ..."

"ಹೋದ ಸಲಾನೂ ನೀನು ಮಾಡಿದ್ದೆ. ಗೋಡೆಗೆ ಗೂಟ, ಗೂಟದ ಮೇಲೆ ಬಿಲ್ಲು, ಹೆದೆಗೆ ಹಗ್ಗ, ಹಗ್ಗಕ್ಕೆ ರಾಟೆ. ನೀನು ಆ ಕಡೆ ಬಾಗಿಲ ಹತ್ರ ನಿಂತ್ಕೊಂಡು ಹಗ್ಗ ಎಳೀತೀಯ. ನಾನು ಮುಖ ಕೊಟ್ಟು ಎಳೀತೀನಿ."

ಅವನು ಕೈಯಲ್ಲಿದ್ದ ಸೀಳನ್ನು ವಾಪಸ್ಸು ಇಟ್ಟ. ರಾಟೆ ಅಜ್ಜನ ಕಾಲದ್ದು. ದೂರ ನಿಂತು ಎಳೆದರೇನೇ ಬಿಲ್ಲಿನ ಎರಡೂ ತೋಳು ಸಮನಾಗಿ ಬಾಗುತ್ತವೆಯೇ ಎಂದು ಕಾಣುವುದು. ಕಾರಣ ನೂರಕ್ಕೆ ನೂರು ನಿಜ. ಆ ನಿಜದೊಳಗೆ ಒಂದಿಷ್ಟು ಜಾಣತನವೂ ಸುಖವಾಗಿ ಕಾಲು ಚಾಚಿ ಕೂತಿದೆ ಎಂಬುದು ಅವನಿಗೆ ಹೊಳೆದದ್ದು ಆಗಲೇ.

ಅವನು ಇಳಿದು, ಚಪ್ಪಲಿ ಮೆಟ್ಟಿ, ಭಾವಮೈದನ ಸಾಮಿಲ್ಲಿಗೆ ಹೋದ.

ಭಾವಮೈದ ಗರಗಸದ ಗದ್ದಲದಲ್ಲೇ ಹುಟ್ಟಿದವನ ಹಾಗೆ ಸದಾ ಕೂಗಿಯೇ ಮಾತಾಡುವವನು. ಯಂತ್ರ ನಿಲ್ಲಿಸಿದ ಮೇಲೂ ಅದೇ ದನಿ. "ಬನ್ನಿ ಭಾವ! ಬಾಗಿಲಿಗೋ ಮಂಚಕ್ಕೋ?"

"ಬಿಲ್ಲಿಗೆ."

"ಅಟ್ಟದ ತುಂಬ ಇದೆಯಲ್ಲ ನಿಮ್ಮಜ್ಜಂದು?"

"ಯಾವ್ದೂ ಸರಿ ಇಲ್ಲ."

ಭಾವಮೈದ ಕಿವಿಯ ಮೇಲಿನ ಪೆನ್ಸಿಲ್ಲನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿದ. ಆಳವಾಗಿ ಯೋಚಿಸುವಾಗ ಅವನು ಮಾಡುತ್ತಿದ್ದದ್ದು ಅಷ್ಟೇ.

ಬಿಲ್ಲುಬಡಗಿ ರಾಶಿಗಳನ್ನು ಮಗುಚಿದ. ಹಲಗೆಗಳು ಬೇಡ, ಗರಗಸಕ್ಕೆ ತಾನು ನೆಟ್ಟಗೆ ಹೋಗುವುದು ಗೊತ್ತು, ನಾರು ಎತ್ತ ಹೋಗುತ್ತದೆಂಬುದು ಗೊತ್ತಿಲ್ಲ, ನಾರು ತುಂಡಾದಲ್ಲಿ ಬಿಲ್ಲು ತುಂಡಾಗುತ್ತದೆ. ಕೊಡಲಿಯಿಂದ ಸೀಳಿದ್ದೇ ಆಗಬೇಕು, ಸೀಳು ನಾರಿನ ದಾರಿ ಹಿಡಿದು ಹೋಗುತ್ತದೆ. ಹಿತ್ತಿಲಲ್ಲಿ ಉರುಳಿದ್ದ ದಿಮ್ಮಿಗಳನ್ನು ನೋಡಿದ. ಒಂದು ಹಸಿ, ಉಗುರು ಒತ್ತಿದರೆ ನೀರು. ಒಂದಕ್ಕೆ ಹುಳ. ಒಂದು ನೆಟ್ಟಗೆ, ಗಂಟಿಲ್ಲದೆ, ಒಳ್ಳೆಯ ಮನೆತನದ್ದರಂತೆ ಕಂಡಿತು. ಅದನ್ನು ಮಾತ್ರ ಅವನು ಬಹಳ ಹೊತ್ತು ನೋಡಿ, ಕೈ ಹಚ್ಚಿ, ಕೈ ತೆಗೆದ.

"ಅದಕ್ಕೇನಾಗಿದೆ?" ಎಂದ ಭಾವಮೈದ.

"ಏನೂ ಆಗಿಲ್ಲ. ಅದಕ್ಕೇ ಭಯ."

"ಭಾವ, ಬೇಜಾರು ಮಾಡ್ಕೋಬೇಡಿ. ನೀವು ಮರ ಹುಡುಕ್ತಿಲ್ಲ. ಬೇಡ ಅನ್ನೋಕೆ ಕಾರಣ ಹುಡುಕ್ತಿದ್ದೀರಿ."

"ಸಿಕ್ತಾ ಇದೆಯಲ್ಲ ಕಾರಣ!" ಎಂದು ಬಿಲ್ಲುಬಡಗಿ ಗುಡುಗಿದ. ಮರುಕ್ಷಣವೇ ಅವನ ದನಿ ಕುಸಿಯಿತು. ಭಾವಮೈದನ ಮೊಣಕೈ ಹಿಡಿದುಕೊಂಡ. "ನೋಡು. ಇದರಲ್ಲಿ ಒಂದನ್ನ ತೋರ್ಸಿ, ಇದು ಮುರಿಯಲ್ಲ ಅಂತ ನೀನು ಹೇಳು. ನೀನು ಹೇಳು ಸಾಕು. ಕಣ್ಣು ಮುಚ್ಕೊಂಡು ಹೊತ್ತುಕೊಂಡು ಹೋಗ್ತೀನಿ."

ಭಾವಮೈದ ಮೊದಲ ಸಲ ಮೆಲ್ಲಗೆ ಮಾತಾಡಿದ. "ಅದನ್ನ ನಾನು ಹೇಗೆ ಹೇಳ್ಲಿ ಭಾವ?"

ಬರಿಗೈಯಲ್ಲಿ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಹೆಂಡತಿ ಒಲೆಯ ಮುಂದೆ ವಿಚಿತ್ರವಾಗಿ ನಿಂತಿದ್ದಳು. ಒಲೆಯೊಳಗೆ ಮುರಿದ ಬಿಲ್ಲಿನ ಅರ್ಧ. ಆ ಎರಡು ತುಂಡುಗಳನ್ನು ಅವನು ತನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ದಿನವೂ ಭೂತಗನ್ನಡಿ ಹಿಡಿದು ಹುಳದ ತೂತು, ಒಳಗಂಟು, ತಪ್ಪಿದ ನಾರು ಹುಡುಕುತ್ತಿದ್ದ.

"ಸಿಟ್ಟು ಮಾಡ್ಬೇಡಿ," ಎಂದಳು. "ಹೆಣದ ಪಕ್ಕ ಮಲಗಿದ ಹಾಗೆ ಎಷ್ಟು ದಿನ ಮಲಗ್ತೀರಿ? ಆದ್ರೆ ಇಲ್ಲಿ ನೋಡಿ."

ಸಿಟ್ಟು ಮಾಡಲು ಬಾಯಿ ತೆರೆದವನು ಹಾಗೆಯೇ ನಿಂತ. ಮರ ಉರಿಯುತ್ತಿರಲಿಲ್ಲ, ಹೊತ್ತಿ ಮುಗಿಯುತ್ತಿತ್ತು. ಸುಂಯ್ ಎನ್ನಲಿಲ್ಲ, ತುದಿಯಲ್ಲಿ ನೊರೆ ಬರಲಿಲ್ಲ, ಹೊಗೆಯೂ ಇಲ್ಲ. ಕಾಗದದ ಹಾಗೆ ಭಗ್ಗೆಂದು ಕೆಂಪಗೆ, ಕಪ್ಪಗೆ, ಬೂದಿ.

"ಈ ಒಲೆಗೆ ಇಷ್ಟು ವರ್ಷ ಕಟ್ಟಿಗೆ ಒಡ್ಡಿದೀನಿ," ಎಂದಳು ಹೆಂಡತಿ. "ಇದು ಮರ ಅಲ್ಲ ಕಣ್ರೀ. ರಸ್ಕು."

ಅವನು ಒಲೆಯ ಪಕ್ಕದಲ್ಲಿದ್ದ ಇನ್ನೊಂದು ತುಂಡನ್ನು ಎಳೆದುಕೊಂಡು ಮುರಿದ ತುದಿ ನೋಡಿದ. ಜೀವವಿರುವ ಮರ ಮುರಿದರೆ ಉದ್ದುದ್ದ ಸಿಬಿರು ಎದ್ದು, ಬಿಟ್ಟುಕೊಡಲು ಮನಸ್ಸಿಲ್ಲದ ಹಾಗೆ ಮುರಿಯುತ್ತದೆ. ಇದು ಚೌಕಾಕಾರವಾಗಿ, ಮೊಂಡಾಗಿ, ಚಾಕುವಿನಿಂದ ಕತ್ತರಿಸಿದಂತೆ ತುಂಡಾಗಿತ್ತು. ಇಷ್ಟು ದಿನ ಭೂತಗನ್ನಡಿಯ ಕೆಳಗೆ ಇದೇ ತುದಿ ಇತ್ತು. ಎಲ್ಲ ದೋಷಗಳನ್ನೂ ಹುಡುಕಿದ್ದ, ಒಣಗಿದ್ದೇ ದೋಷವಿರಬಹುದೆಂದು ಮಾತ್ರ ಅನುಮಾನಿಸಿರಲಿಲ್ಲ. ಹೇಗೆ ಅನುಮಾನಿಸುವುದು? ಅದು ಮನೆತನದ ಹೆಮ್ಮೆ.

ಮಗಳು ಜಾಸ್ತಿ ಎಳೆದಿರಲಿಲ್ಲ. ಎಷ್ಟು ಎಳೆದೆ ಎಂದು ಕೇಳಬೇಕಾದದ್ದು ಅವಳನ್ನಲ್ಲ. ಎಷ್ಟು ಒಣಗಿಸಿದೆ ಎಂದು ಒಲೆಯನ್ನು ಕೇಳಬೇಕಿತ್ತು.

ಅವನು ಹುಚ್ಚು ಹಿಡಿದವನಂತೆ ಏಣಿ ಹತ್ತಿದ. ಒಂದೊಂದು ಸೀಳಿನಿಂದಲೂ ಕಡ್ಡಿಯಷ್ಟು ಚಕ್ಕೆ ಎಬ್ಬಿಸಿ ಬಗ್ಗಿಸಿದ. ಪಟ್. ಅಪ್ಪನ ಕಾಲದ್ದು: ಪಟ್. ಅವನೇ ಎಳೆಯನಾಗಿದ್ದಾಗ ಹೆಗಲ ಮೇಲೆ ಹೊತ್ತು ತಂದದ್ದು: ಪಟ್. ಕೆಳಗೆ ಬೀಳುತ್ತಿದ್ದ ಚೂರುಗಳನ್ನು ಹೆಂಡತಿ ತಲೆಯಿಂದ ಕೊಡವಿಕೊಳ್ಳುತ್ತ, "ಸಾಕು, ಇಳೀರಿ, ಸಾಕು," ಎಂದಳು. ಅವನು ಕೊನೆಯದರವರೆಗೂ ಬಿಡಲಿಲ್ಲ. ಅಟ್ಟ ಪೂರ್ತಿ ರಸ್ಕು. ಇವುಗಳಲ್ಲಿ ಯಾವುದನ್ನು ಆರಿಸಿಕೊಟ್ಟಿದ್ದರೂ ಅದು ಮಗಳ ಮುಖದ ಪಕ್ಕ ಸಿಡಿಯುತ್ತಿತ್ತು.

"ನೀರಲ್ಲಿ ನೆನೆಸಿಟ್ರೆ?" ಎಂದಳು ಹೆಂಡತಿ.

"ಇಷ್ಟು ವರ್ಷ ಬೆಂಕಿ ತಿಂದದ್ದು ಒಂದು ಸ್ನಾನಕ್ಕೆ ಹೋಗುತ್ತೇನೆ?"

ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತ. ಸಾಮಿಲ್ಲಿನ ಆ ನೆಟ್ಟನೆಯ ದಿಮ್ಮಿಯೂ ಸೀಳಿದರೆ ಒಳಗೆ ಹಸಿಯೇ; ಹಸಿ ಮರ ತಂದರೆ ನೆರಳಲ್ಲಿ ಆರಲು ವರ್ಷ ಬೇಕು. ಇರುವುದು ತಿಂಗಳೂ ಅಲ್ಲ. ಒಣಗಿದ್ದು ಸತ್ತಿದೆ, ಹಸಿಯದ್ದು ಹುಟ್ಟಿಲ್ಲ. ಅಳು ಬರಲಿಲ್ಲ, ಅಳುವುದಕ್ಕೂ ಒಳಗೆ ಒಂದಿಷ್ಟು ತೇವ ಬೇಕು.

"ದಾರಿ ಬಿಡಿ," ಎಂದಳು ಹೆಂಡತಿ. ಅವಳ ಕೈಯಲ್ಲಿ ಒಗೆದ ಬಟ್ಟೆಯ ಬಕೆಟ್ಟು. "ಲೋಕ ಮುಳುಗಿದ್ರೂ ಹೊದಿಕೆ ಒಣಗ್ಬೇಕು." ಗಂಡನ ಮುಖ ನೋಡಿ ದನಿ ಇಳಿಸಿದಳು. "ಬನ್ನಿ, ಈ ಕಡೆ ಹಿಡ್ಕೊಳ್ಳಿ. ಸುಮ್ನೆ ಕೂತ್ರೆ ಇನ್ನೂ ಒಣಗ್ತೀರಿ."

ಅವನು ಬಕೆಟ್ಟಿನ ಹಿಡಿಗೆ ಕೈ ಕೊಟ್ಟು ಹಿಂಬಾಲಿಸಿದ. ಹಿತ್ತಿಲಲ್ಲಿ, ಬಚ್ಚಲ ಗೋಡೆಗೆ ಹೊಂದಿಕೊಂಡಂತೆ, ಸೂರಿನ ಕೆಳಗೆ ಎರಡು ಕೊಕ್ಕೆ. ಕೊಕ್ಕೆಗಳ ಮೇಲೆ ಬಟ್ಟೆಯ ಗಳ. ಹೆಂಡತಿ ಒದ್ದೆ ಹೊದಿಕೆಯನ್ನು ಅದರ ಮೇಲೆ ಎಸೆದಳು. ಗಳ ನಡುವಿನಲ್ಲಿ ಮೆಲ್ಲಗೆ ತಗ್ಗಿತು. ನೀರು ಹನಿಸುತ್ತ ಹೊದಿಕೆ ಜಾರಿ ಒಂದು ಕಡೆ ಬಿದ್ದಾಗ, ಗಳ ಮೆಲ್ಲಗೆ ಮೇಲೆದ್ದಿತು.

ಬಿಲ್ಲುಬಡಗಿ ಅದನ್ನು ನೋಡಿದ. ಇನ್ನೊಮ್ಮೆ ನೋಡಿದ. ಬಕೆಟ್ಟಿನಿಂದ ಒದ್ದೆ ಬಟ್ಟೆಯ ಮುದ್ದೆಯನ್ನು ಎತ್ತಿ ಗಳದ ಮೇಲೆ ಹೇರಿದ, ತಗ್ಗಿತು. ಬಾಚಿ ನೆಲಕ್ಕೆ ಹಾಕಿದ, ಎದ್ದಿತು.

"ಅಯ್ಯೋ ಒಗೆದದ್ದು!"

"ಇದು ಎಲ್ಲಿಂದ ಬಂತು?"

"ನೀವೇ ತಂದದ್ದು. ಬೀದಿ ಮೂಲೆ ಹಿಪ್ಪುನೇರಳೆ ಕಡಿದಾಗ. ಒಳ್ಳೇದನ್ನೆಲ್ಲ ಅಟ್ಟಕ್ಕೇರ್ಸಿದ್ರಿ. ಇದು ಸೊಟ್ಟ, ಗಂಟು ಬೇರೆ, ಬಟ್ಟೆಗಾದ್ರೂ ಆಗ್ಲಿ ಅಂತ ನನ್ನ ಕಡೆ ಎಸೆದ್ರಿ. ನನಗೆ ನೀವು ಕೊಟ್ಟಿದ್ದೆಲ್ಲ ಹೀಗೇ ತಾನೆ."

ಅವನಿಗೆ ಕೇಳಿಸಲಿಲ್ಲ. ಚಾಕು ತೆಗೆದು ತುದಿಯಿಂದ ಒಂದು ಚಕ್ಕೆ ಎಬ್ಬಿಸಿ ಬಗ್ಗಿಸಿದ. ಬಳುಕಿತು. ಇನ್ನೂ ಬಗ್ಗಿಸಿದ, ಬಳೆಯಷ್ಟು ದುಂಡಗಾಯಿತು. ಕೊನೆಗೆ ಸರ್ರೆಂದು ಉದ್ದಕ್ಕೆ ಸೀಳಿಕೊಂಡರೂ ನಾರು ನಾರಿಗೆ ಜೋತುಬಿದ್ದು ಬೇರೆಯಾಗಲೊಲ್ಲೆನೆಂದಿತು. ದಿನವೂ ತೋಯ್ದು, ದಿನವೂ ಆರಿ, ಬಿಸಿಲಿಗೂ ಬೀಳದೆ ಬೆಂಕಿಗೂ ಸಿಗದೆ ಬದುಕಿಕೊಂಡಿದ್ದ ಮರ. ಸೀಳಿದ ಚಪ್ಪಟೆ ಮಗ್ಗುಲು ಕೊಕ್ಕೆಯ ಮೇಲೆ, ತೊಗಟೆಯ ಮಗ್ಗುಲು ಮೇಲಕ್ಕೆ. ಹೊದಿಕೆಗಳ ಭಾರಕ್ಕೆ ನಡು ತಗ್ಗಿ, ತುದಿಗಳು ಬಿಲ್ಲಿನ ಬೆನ್ನಾಗಬೇಕಾದ, ಗುರಿಯತ್ತ ಇರಬೇಕಾದ ಕಡೆಗೇ ಒಂದು ಚೂರು ಎದ್ದು ನಿಂತಿದ್ದವು. ಬಿಲ್ಲುಬಡಗಿಗಳು ಹಬೆ ಹಿಡಿದು, ಅಚ್ಚಿಗೆ ಕಟ್ಟಿ ತರುವ ಬಾಗು ಅದು.

ಮೇಲಿನ ತೋಳಾಗಬೇಕಾದ ಕಡೆ ಗಂಟು. ಕಣ್ಣಿನಷ್ಟು ದೊಡ್ಡದು. ಅಜ್ಜನಾಗಿದ್ದರೆ ಇಂಥದ್ದನ್ನು ಅಂಗಳಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. ಅವನ ಕೈ ತಾನಾಗಿ ಹಿಂದೆ ಸರಿಯಿತು; ಬೇಡ ಎನ್ನಲು ಕಾರಣ ಸಿಕ್ಕಿತ್ತು, ಎಂದಿನಂತೆ. ಗಂಟಿನ ಮೇಲೆ ಹೆಬ್ಬೆರಳಿಟ್ಟು ಬಹಳ ಹೊತ್ತು ನಿಂತ. ಆಮೇಲೆ ಗಳವನ್ನು ಕೊಕ್ಕೆಯಿಂದ ಇಳಿಸಿದ.

"ಈಗ ನಾನು ಬಟ್ಟೆ ಎಲ್ಲಿ ಹಾಕ್ಲಿ?"

"ಅಟ್ಟದ ಮೇಲಿಂದ ಯಾವ್ದು ಬೇಕೋ ತಗೋ. ಎಲ್ಲಾ ನಿಂದೇ."

ಅಜ್ಜನ ಮರ ಒದ್ದೆ ಹೊದಿಕೆ ಹೊತ್ತು ನಿಂತಿತು. ಇತ್ತ ಕೆಲಸದ ಕೋಣೆಯಲ್ಲಿ ಅವನು ಎರಡು ಹಿಡಿಯ ಎಳೆಗತ್ತಿ ಹಿಡಿದು ಕೂತ. ಮರ ವರ್ಷಕ್ಕೊಂದು ಸುತ್ತು ಹಾಕಿಕೊಳ್ಳುತ್ತದೆ. ಬಿಲ್ಲಿನ ಬೆನ್ನು ತುದಿಯಿಂದ ತುದಿಗೆ ಅಂಥ ಒಂದೇ ಸುತ್ತಿನ ಮೇಲೆ ಸಾಗಬೇಕು. ಕತ್ತಿ ಒಂದು ಎಳೆ ಆಳಕ್ಕೆ ಇಳಿದು ಆ ಸುತ್ತು ಕಡಿಯಿತೋ, ಎಳೆದಾಗ ಮರ ಅಲ್ಲಿಂದಲೇ ಬಾಯಿ ಬಿಡುತ್ತದೆ. ಮೊದಲು ಹರಟುತ್ತ ಮಾಡುತ್ತಿದ್ದ ಕೆಲಸ. ಈಗ ಒಂದು ಸಿಪ್ಪೆ ತೆಗೆಯುವುದು, ಬೆವರು ಒರೆಸಿಕೊಳ್ಳುವುದು, ಎದ್ದು ಹೊರಗೆ ಹೋಗುವುದು, ಬರುವುದು. ಊಟಕ್ಕೆ ಕರೆದರೆ ಉತ್ತರವಿಲ್ಲ. ತಟ್ಟೆ ತಂದಿಟ್ಟರೆ ಅದರಲ್ಲಿ ಮರದ ಹೊಟ್ಟು. ಗಂಟಿನ ಹತ್ತಿರ ಸುತ್ತು ಕಲ್ಲು ಬಳಸಿ ಹರಿಯುವ ನೀರಿನಂತೆ ಬಳಸಿಕೊಂಡು ಹೋಗಿತ್ತು. ಅಲ್ಲಿ ಅವನು ಕತ್ತಿ ಬಿಟ್ಟು ಉಗುರಿನಷ್ಟು ಅಗಲದ ಉಜ್ಜುಗತ್ತಿ ಹಿಡಿದ. ಗಂಟಿನ ಸುತ್ತ ಮರವನ್ನು ಕೊಂಚ ದಪ್ಪವಾಗಿಯೇ ಉಳಿಸಿದ. ಚಂದ ಕಾಣಲಿಲ್ಲ. ಹುಬ್ಬಿನ ಮೇಲಿನ ಗಾಯದ ಹಾಗೆ ಉಬ್ಬಿಕೊಂಡಿತ್ತು.

ಆಯ್ಕೆಯ ಹಿಂದಿನ ದಿನ ಬಿಲ್ಲು ಗೂಟ ಏರಿತು. ಬಾಗಿಲ ಬಳಿ ನಿಂತು ಹಗ್ಗ ಎಳೆದ. ಒಂದು ತೋಳು ಕೊಂಚ ಬಿಗಿ. ಇಳಿಸಿದ, ಅರದಿಂದ ಉಜ್ಜಿದ, ಏರಿಸಿದ, ಎಳೆದ, ಎರಡೂ ಸಮವಾದವು. ಗಂಟಿನ ಜಾಗ "ಕಿರ್" ಎಂದಿತು. ಕೈಯಲ್ಲಿದ್ದ ಹಗ್ಗ ಬಿಸಿಯಾದಂತಾಯಿತು, ಆದರೂ ಬಿಡಲಿಲ್ಲ. ಮುರಿಯಲಿಲ್ಲ. ಪೂರ್ತಿ ಅಳತೆಯವರೆಗೆ ಎಳೆದು, ಸಡಿಲಿಸಿ, ಮತ್ತೆ ಎಳೆದ. ಪರೀಕ್ಷೆ ಮುಗಿಯಿತು. ಇಷ್ಟಕ್ಕೇ ಅಜ್ಜ ನಿಲ್ಲಿಸುತ್ತಿದ್ದ, ಅಪ್ಪ ನಿಲ್ಲಿಸುತ್ತಿದ್ದ.

ಅವನು ಬಿಲ್ಲನ್ನು ಹಿತ್ತಿಲಿಗೆ ತಂದ. ಗೋಡೆಗೆ ಹುಲ್ಲಿನ ಮೂಟೆ ಒರಗಿತ್ತು, ಪಕ್ಕದಲ್ಲಿ ಬಟ್ಟೆಗಳು. "ಬಾರೇ ಇಲ್ಲಿ," ಎಂದು ಕರೆದ.

ಮಗಳು ಹೊಸ್ತಿಲಲ್ಲೇ ನಿಂತಳು. ಅಪ್ಪನ ಕೈಯಲ್ಲಿರುವುದನ್ನು ನೋಡಿ, "ಅದು ಅಮ್ಮನ ಬಟ್ಟೆ ಗಳ ಅಲ್ವಾ?" ಎಂದಳು.

"ಹೌದು."

"ರಾಟೆಗೆ ಹಾಕಿ ನೋಡಿದ್ಯಾ?"

"ನೋಡ್ದೆ. ಅದು ಲೆಕ್ಕಕ್ಕಿಲ್ಲ."

ಅವನು ಹೆದೆಗೆ ಬಾಣ ಹೂಡಿದ. ಜೀವನವೆಲ್ಲ ಬಿಲ್ಲು ಮಾಡಿದ ಮನುಷ್ಯ ಬಿಲ್ಲು ಹಿಡಿದು ನಿಂತ ರೀತಿಗೆ ಬೇರೆ ದಿನವಾಗಿದ್ದರೆ ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಎಳೆದ. ಹೆದೆ ಎದೆಯವರೆಗೆ ಬಂದು ನಿಂತಿತು.

"ಎಷ್ಟು ಎಳೆದೆ?" ಎಂದಳು ಮಗಳು.

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವನು ಹಲ್ಲು ಕಚ್ಚಿ ಪೂರ್ತಿ ಎಳೆದ. ಹೆದೆ ಕೆನ್ನೆಗೆ ಒತ್ತಿತು. ಕಿವಿಯ ಪಕ್ಕದಲ್ಲೇ ಗಂಟು "ಕಿರ್" ಎಂದಿತು. ಬಾಗಿಲ ಬಳಿಯಿಂದ ಕೇಳಿದ ಸದ್ದೇ ಅದು, ಆದರೆ ಅಲ್ಲಿ ಅದು ಮರದ ಸದ್ದಾಗಿತ್ತು. ಇಲ್ಲಿ ಅವನ ತಲೆಬುರುಡೆಯ ಸದ್ದಾಯಿತು. ಬಾಣ ಎತ್ತಲೋ ಹೋಯಿತು. ಬಿಲ್ಲು ಇಡಿಯಾಗಿತ್ತು.

"ಮುಚ್ಕೊಂಡೆ," ಎಂದ, ಉಸಿರು ಸಿಕ್ಕ ಮೇಲೆ.

"ನೋಡ್ದೆ."

"ತಾನಾಗೇ ಮುಚ್ಕೊಳ್ಳುತ್ತೆ ಕಣೇ."

"ಗೊತ್ತು."

ಅವನು ಮತ್ತೆ ಎಳೆದ. ಮತ್ತೆ. ತೋಳು ಸೋತು ಬಿಲ್ಲು ಅಡ್ಡಾದಿಡ್ಡಿ ಆಡತೊಡಗಿದರೂ ಬಿಡಲಿಲ್ಲ. ಬೆರಳ ತುದಿ ಸುಲಿದಿತ್ತು. ಪ್ರತಿ ಸಲವೂ ಮುಖದ ಪಕ್ಕಕ್ಕೇ ತಂದ. "ಇನ್ನೊಂದ್ಸಲ, ಇನ್ನೊಂದೇ ಸಲ ನೋಡು," ಎನ್ನುತ್ತಿದ್ದ. ಅದು ಮಾತಲ್ಲ, ಅಂಗಲಾಚುವಿಕೆ. ಕೊನೆಗೆ ಮಗಳು ಹೊಸ್ತಿಲು ಇಳಿದು ಬಂದು, "ಸಾಕು ಕೊಡು, ಕೈ ಮುರ್ಕೋತೀಯ," ಎಂದು ಬಿಲ್ಲನ್ನು ಕಿತ್ತುಕೊಂಡಳು. ಗಂಟಿನ ಮೇಲೆ ಹೆಬ್ಬೆರಳು ಆಡಿಸಿದಳು.

ಹೂಡಿ ಎಳೆದಳು. ಬಿಲ್ಲುಬಡಗಿಗೆ ನೋಡಲಾಗಲಿಲ್ಲ. ಕಿರ್ ಎಂಬ ಸದ್ದು ಕೇಳಿತು, ಹೆದೆ ಝಣ್ ಎಂದಿತು, ಹುಲ್ಲಿನಲ್ಲಿ ಏನೋ ಹೂತಿತು.

"ಕಣ್ಣು?" ಎಂದ.

"ನನಗೇನು ಗೊತ್ತು, ನೀನು ನೋಡ್ತಿದ್ದೆ ಅಲ್ವಾ?"

"ಇಲ್ಲ, ನಾನು..."

"ಇಬ್ರೂ ಮುಚ್ಕೊಂಡಿದ್ರಿ," ಎಂದಳು ಬಚ್ಚಲ ಬಾಗಿಲಲ್ಲಿ ನಿಂತಿದ್ದ ಹೆಂಡತಿ. "ಅಪ್ಪ ಒಂದು ಚೂರು ಮೊದ್ಲು."

ಯಾರೂ ನಗಲಿಲ್ಲ. ಮಗಳು ಇನ್ನೊಂದು ಬಾಣ ತೆಗೆದುಕೊಂಡಳು. ಅವಳ ಮೇಲ್ದುಟಿಯಲ್ಲಿ ಬೆವರು. ಈ ಸಲ ಅವನು ಬಾಗಿಲ ಬಳಿ ನಿಲ್ಲಲಿಲ್ಲ. ಅವಳ ಪಕ್ಕಕ್ಕೆ, ಬಿಲ್ಲು ಮುರಿದರೆ ತನಗೂ ತಾಗುವಷ್ಟು ಹತ್ತಿರ ಬಂದು, ರೆಪ್ಪೆಗಳನ್ನು ಬೆರಳಿನಿಂದ ಎತ್ತಿ ಹಿಡಿದವನಂತೆ ಕಣ್ಣು ಅಗಲಿಸಿ ನಿಂತ. ಹೆದೆ ಬಂತು. ಅವಳ ರೆಪ್ಪೆ ನಡುಗಿತು, ಇಳಿಯಿತು, ಅರ್ಧದಲ್ಲಿ ತಡೆಯಿತು. ಗಂಟು ಕಿರ್ ಎಂದಿತು. ರೆಪ್ಪೆ ನಿಧಾನವಾಗಿ, ಭಾರದ ಬಾಗಿಲನ್ನು ಒಳಗಿನಿಂದ ತಳ್ಳಿದ ಹಾಗೆ, ಮೇಲಕ್ಕೆ ಹೋಯಿತು. ಒದ್ದೆಯಾದ, ಕೆಂಪಾದ, ತೆರೆದ ಕಣ್ಣು.

"ಬಿಟ್ಟಿದೀಯ," ಎಂದು ಪಿಸುಗುಟ್ಟಿದ. "ಬಿಟ್ಟಿದೀಯ ಕಣೇ, ನಾನು ನೋಡ್ತಿದೀನಿ."

"ಸುಮ್ನಿರು ಅಪ್ಪ, ಗುರಿ ತಪ್ಪುತ್ತೆ."

ತಪ್ಪಿತು. ಬಾಣ ಹುಲ್ಲಿನ ಮೂಟೆಯ ಅಂಚು ಸವರಿಕೊಂಡು ಹೋಗಿ, ಅಜ್ಜನ ಮರದ ಮೇಲೆ ತೂಗುತ್ತಿದ್ದ ಹೊದಿಕೆಯ ನಟ್ಟನಡುವೆ ನೆಟ್ಟಿತು. ಹೆಂಡತಿ ಬಕೆಟ್ಟು ಕೆಳಗಿಟ್ಟು ಅತ್ತ ಓಡಿದಳು. ಮಗಳು ಮೂರನೆಯ ಬಾಣಕ್ಕೆ ಕೈ ಚಾಚಿದಳು. ಅವನು ಕೊಟ್ಟ.